ಹೆಪ್ಪು ಉಳಿಸಿಕೊಳ್ಳುವ ವಿದ್ಯೆ: ಕೊಳಚೆ ನೀರಿನ ಸಾರಜನಕದ ಕಥೆ



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ದೂರವಾಣಿ ಮಾಡಿದ್ದ. ಅವನು ತಾನಿರುವ ವಸತಿ ಸಮುಚ್ಚಯದ ಸಂಘದ ಕಾರ್ಯದರ್ಶಿ. ಅಲ್ಲಿ ಕೊಳಚೆ ನೀರನ್ನು ಶುದ್ಧಗೊಳಿಸುವ ಘಟಕವೊಂದಿದೆ. ಅದಕ್ಕೆ ‘ಮೆಂಬ್ರೇನ್ ಬಯೋರಿಯಾಕ್ಟರ್’ ಎಂದು ಹೆಸರಂತೆ. ಹೊರಬರುವ ನೀರು ಕನ್ನಡಿಯಷ್ಟು ತಿಳಿ, ವಾಸನೆಯೂ ಇಲ್ಲ. ಆದರೆ ಪ್ರಯೋಗಾಲಯದ ವರದಿಯಲ್ಲಿ ಒಟ್ಟು ಸಾರಜನಕದ ಪ್ರಮಾಣ ಮಿತಿಯ ಮೂರು ಪಟ್ಟು. “ಸರ್, ಸಾರಜನಕ ಬೆಳಿಗೆ ಜೀವ ಇದ್ಧಂಗ ಅಂತ ನೀವ ಕಲಿಸಿದ್ರಿ. ಈಗ ಅದನ್ನ ತಗೀರಿ ಅಂತಾರ. ಇಷ್ಟು ತಿಳಿ ನೀರಿನ್ಯಾಗ ಅದು ಎಲ್ಲಿ ಕುಂತೈತ್ರೀ?” ಎಂದು ಕೇಳಿದ.

ಪ್ರಶ್ನೆ ನ್ಯಾಯವಾದದ್ದು. ಸಾರಜನಕ ಚಕ್ರದ ಚಿತ್ರವನ್ನು ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಎಷ್ಟು ವರ್ಷ ಬರೆದೆನೋ ಲೆಕ್ಕವಿಲ್ಲ. ಆದರೆ ಆ ಚಕ್ರದ ಅರ್ಧವನ್ನು ಮಾತ್ರ ನಾನು ಮನಸ್ಸಿಟ್ಟು ಕಲಿಸಿದ್ದೆ ಎಂಬುದು ಅವನ ಪ್ರಶ್ನೆಯಿಂದ ಅರಿವಾಯಿತು. ಉಳಿದರ್ಧವನ್ನು ಈ ವಯಸ್ಸಿನಲ್ಲಿ ನಾನೇ ಓದಿಕೊಂಡೆ. ಓದುತ್ತ ಹೋದಂತೆ ಅದರಲ್ಲಿ ನಮ್ಮ ಕರ್ನಾಟಕದ ಒಂದು ಮರೆತ ಅಧ್ಯಾಯವೂ ಸಿಕ್ಕಿತು. ಅದನ್ನು ನಿಮ್ಮೆಲ್ಲರೊಡನೆ ಹಂಚಿಕೊಳ್ಳುವುದಕ್ಕಾಗಿ ಈ ಲೇಖನ.

ಮುಶಿಗೇರಿಯಂತಹ ಎರೆನಾಡಿನ ಊರಿನಲ್ಲಿ ಹುಟ್ಟಿದವರಿಗೆ ಸಾರಜನಕದ ಪರಿಚಯ ಪುಸ್ತಕಕ್ಕಿಂತ ಮೊದಲೇ ತಿಪ್ಪೆಯಲ್ಲಿ ಆಗಿರುತ್ತದೆ. ದನದ ಗಂಜಲ, ಸಗಣಿ, ಮನೆಯ ಕಸ, ಒಲೆಯ ಬೂದಿ ಎಲ್ಲವೂ ತಿಪ್ಪೆಗೆ ಸೇರಿ, ಬೇಸಿಗೆಯಲ್ಲಿ ಚಕ್ಕಡಿ ಏರಿ ಹೊಲಕ್ಕೆ ಹೋಗಿ, ಮುಂದೆ ಜೋಳದ ತೆನೆಯಾಗಿ ಮನೆಗೆ ಮರಳುತ್ತಿತ್ತು. ‘ಸಾರಜನಕ’ ಎಂಬ ಕನ್ನಡ ಪದವನ್ನು ರೂಪಿಸಿದವರು ಯಾರೋ, ಬಹಳ ತಿಳಿದವರೇ ಇರಬೇಕು. ಸಾರವನ್ನು ಹುಟ್ಟಿಸುವುದು ಎಂಬ ಅರ್ಥ ರೈತನಿಗೆ ವಿವರಣೆಯಿಲ್ಲದೆ ತಿಳಿಯುತ್ತದೆ.

ದನದ ಕೊಟ್ಟಿಗೆಯ ನೆಲದಿಂದ, ಹಳೆಯ ಮಣ್ಣುಗೋಡೆಗಳ ಬುಡದಿಂದ ಹಿಂದೆ ಪೆಟ್ಲುಪ್ಪನ್ನು ತೆಗೆಯುತ್ತಿದ್ದರು. ಅದು ಪೊಟ್ಯಾಸಿಯಂ ನೈಟ್ರೇಟ್, ಮದ್ದಿನ ಪುಡಿಯ ಮುಖ್ಯ ಘಟಕ. ಮರಾಠರಿಗೂ ಟಿಪ್ಪುವಿಗೂ ನಡೆದ ಯುದ್ಧ 1787ರಲ್ಲಿ ನಮ್ಮ ಗಜೇಂದ್ರಗಡದ ಒಪ್ಪಂದದಲ್ಲಿ ಮುಗಿಯಿತೆಂದು ಇತಿಹಾಸದ ಪಾಠದಲ್ಲಿ ಓದಿದ್ದೀರಿ. ಆ ಯುದ್ಧಗಳಲ್ಲಿ ಸಿಡಿದ ಮದ್ದಿನೊಳಗೂ ಇಂತಹ ಮಣ್ಣಿನ ಉಪ್ಪೇ ಇತ್ತು. ಆದರೆ ಗಂಜಲ ಬಿದ್ದ ಮಣ್ಣಿನಲ್ಲಿ ಪೆಟ್ಲುಪ್ಪು ಏಕೆ ಹುಟ್ಟುತ್ತದೆಂಬುದು ಆಗ ಜಗತ್ತಿನಲ್ಲಿ ಯಾರಿಗೂ ತಿಳಿದಿರಲಿಲ್ಲ.

ಉತ್ತರ ಸಿಕ್ಕಿದ್ದು ಕೊಳಚೆ ನೀರಿನಿಂದಲೇ. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ಎಂಬ ವಿಜ್ಞಾನಿಗಳು ಉದ್ದನೆಯ ಕೊಳವೆಯೊಂದರಲ್ಲಿ ಮರಳು ಹಾಗೂ ಸುಣ್ಣಕಲ್ಲಿನ ಪುಡಿಯನ್ನು ತುಂಬಿ, ಕೊಳಚೆ ನೀರನ್ನು ಮೇಲಿನಿಂದ ನಿಧಾನವಾಗಿ ಹರಿಸಿದರು. ಮೊದಲ ಇಪ್ಪತ್ತು ದಿನ ಏನೂ ಆಗಲಿಲ್ಲ. ಆಮೇಲೆ ಕೆಳಗೆ ಬರುವ ನೀರಿನಲ್ಲಿ ಅಮೋನಿಯಾ ಮಾಯವಾಗಿ ನೈಟ್ರೇಟ್ ಕಾಣಿಸಿತು. ಕ್ಲೋರೋಫಾರ್ಮಿನ ಆವಿಯನ್ನು ಹಾಯಿಸಿದಾಗ ಈ ಬದಲಾವಣೆ ನಿಂತುಹೋಯಿತು. ಮಣ್ಣು ತೊಳೆದ ನೀರನ್ನು ಸ್ವಲ್ಪ ಹಾಕಿದಾಗ ಮತ್ತೆ ಆರಂಭವಾಯಿತು. ಬರಿಯ ರಾಸಾಯನಿಕ ಕ್ರಿಯೆಗೆ ಇಪ್ಪತ್ತು ದಿನ ಕಾಯುವ ಅಗತ್ಯವಿಲ್ಲ, ಅದು ಕ್ಲೋರೋಫಾರ್ಮಿಗೆ ಮೂರ್ಛೆ ಹೋಗುವುದೂ ಇಲ್ಲ. ಆದ್ದರಿಂದ ಇದು ಜೀವಿಗಳ ಕೆಲಸವೆಂದು ಸಿದ್ಧವಾಯಿತು. 1890ರಲ್ಲಿ ರಷ್ಯದ ವಿನೊಗ್ರಾಡ್‌ಸ್ಕಿ ಆ ಸೂಕ್ಷ್ಮಜೀವಿಗಳನ್ನೇ ಬೇರ್ಪಡಿಸಿದ. ಇದಕ್ಕೆ ಎದುರು ದಿಕ್ಕಿನ ಕೆಲಸ, ಅಂದರೆ ನೈಟ್ರೇಟನ್ನು ಒಡೆದು ಸಾರಜನಕವನ್ನು ಅನಿಲರೂಪದಲ್ಲಿ ಗಾಳಿಗೆ ಬಿಡುವ ಬ್ಯಾಕ್ಟೀರಿಯಾಗಳ ವಿಷಯವನ್ನು 1880ರ ದಶಕದಲ್ಲಿ ಗಯೋನ್ ಮತ್ತು ದ್ಯುಪೆತಿ ಎಂಬಿಬ್ಬರು ತೋರಿಸಿಕೊಟ್ಟಿದ್ದರು.

ಈ ಎರಡು ಗುಂಪುಗಳ ಸ್ವಭಾವವನ್ನು ನೆನಪಿನಲ್ಲಿಡಿ, ಮುಂದಿನ ಕಥೆಯೆಲ್ಲ ಇದರ ಮೇಲೆಯೇ ನಿಂತಿದೆ. ಮೊದಲ ಗುಂಪಿಗೆ ಗಾಳಿ ಬೇಕು; ಅದು ಅಮೋನಿಯಾವನ್ನು ನೈಟ್ರೇಟ್ ಮಾಡುತ್ತದೆ. ಎರಡನೆಯ ಗುಂಪು ಗಾಳಿಯಿಲ್ಲದ ಕಡೆ ನೈಟ್ರೇಟಿನೊಳಗಿನ ಆಮ್ಲಜನಕವನ್ನು ಉಸಿರಾಡಿ, ಸಾರಜನಕವನ್ನು ಬಿಟ್ಟುಕೊಡುತ್ತದೆ. ಅದಕ್ಕೆ ತಿನ್ನಲು ಕೊಳಚೆಯೊಳಗಿನ ಇಂಗಾಲ ಬೇಕು. ಮೊದಲನೆಯದರ ಇನ್ನೊಂದು ಗುಣವೆಂದರೆ ನಿಧಾನ. ಸಾಮಾನ್ಯ ಬ್ಯಾಕ್ಟೀರಿಯಾ ಅನುಕೂಲವಿದ್ದರೆ ಅರ್ಧ ಗಂಟೆಯೊಳಗೆ ಎರಡಾಗುತ್ತದೆ. ಇವುಗಳಿಗೆ ಒಂದು ದಿನವೋ ಅದಕ್ಕಿಂತ ಹೆಚ್ಚೋ ಬೇಕು.

ಈಗ ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ ಬರೋಣ. ಬಟ್ಟೆ ಗಿರಣಿಗಳ ಆ ನಗರದ ಕೊಳಚೆ ನೀರಿನ ಸಮಸ್ಯೆಯ ಮೇಲೆ ಗಿಲ್ಬರ್ಟ್ ಫೌಲರ್ ಎಂಬ ರಸಾಯನ ವಿಜ್ಞಾನಿ ಕೆಲಸ ಮಾಡುತ್ತಿದ್ದರು. 1912ರಲ್ಲಿ ಅಮೆರಿಕದ ಲಾರೆನ್ಸ್ ಪ್ರಯೋಗ ಕೇಂದ್ರದಲ್ಲಿ ಕೊಳಚೆ ನೀರಿಗೆ ಗಾಳಿಯೂದುವ ಪ್ರಯೋಗವನ್ನು ಕಂಡು ಬಂದು, ಆರ್ಡರ್ನ್ ಮತ್ತು ಲಾಕೆಟ್ ಎಂಬ ಕಿರಿಯರಿಗೆ ಅದನ್ನು ಮುಂದುವರಿಸಲು ಸೂಚಿಸಿದರು. ಅವರು ಬಾಟಲಿಯಲ್ಲಿ ಕೊಳಚೆ ನೀರು ತುಂಬಿ ಗಾಳಿಯೂದಿದರು. ಅಮೋನಿಯಾ ಪೂರ್ತಿ ನೈಟ್ರೇಟ್ ಆಗಲು ಸುಮಾರು ಐದು ವಾರ ಹಿಡಿಯಿತು. ಅಷ್ಟು ಕಾಲ ನೀರನ್ನು ನಿಲ್ಲಿಸಿಕೊಳ್ಳುವುದು ಯಾವ ನಗರಕ್ಕೂ ಸಾಧ್ಯವಿಲ್ಲ. ಅಲ್ಲಿಯವರೆಗೆ ಎಲ್ಲರೂ ತಳದಲ್ಲಿ ಕುಳಿತ ಕಂದು ರಾಡಿಯನ್ನು ಚೆಲ್ಲಿಬಿಡುತ್ತಿದ್ದರು. ಇವರು ತಿಳಿನೀರನ್ನು ಮಾತ್ರ ಬಗ್ಗಿಸಿ ತೆಗೆದು, ರಾಡಿಯನ್ನು ಉಳಿಸಿಕೊಂಡು, ಅದರ ಮೇಲೆ ಹೊಸ ಕೊಳಚೆ ನೀರು ಸುರಿದರು. ಹೀಗೆ ಮತ್ತೆ ಮತ್ತೆ ಮಾಡಿದಂತೆ ಐದು ವಾರದ ಕೆಲಸ ಒಂದು ದಿನದೊಳಗೆ ಮುಗಿಯತೊಡಗಿತು. 1914ರ ಏಪ್ರಿಲ್ 3ರಂದು ಈ ಫಲಿತಾಂಶವನ್ನು ಪ್ರಕಟಿಸಿದರು. ಜಗತ್ತಿನ ಬಹುಪಾಲು ದೊಡ್ಡ ನಗರಗಳ ಕೊಳಚೆ ನೀರು ಇಂದಿಗೂ ಶುದ್ಧವಾಗುವುದು ಈ ವಿಧಾನದ ಒಂದಿಲ್ಲೊಂದು ರೂಪದಿಂದ.

ಇದನ್ನು ಓದಿದಾಗ ನನಗೆ ನಮ್ಮ ತಾಯಿ ನೆನಪಾದರು. ಮೊಸರನ್ನೆಲ್ಲ ಬಡಿಸಿದ ಮೇಲೂ ಗಡಿಗೆಯ ತಳದಲ್ಲಿ ಒಂದಿಷ್ಟು ಬಿಡುತ್ತಿದ್ದರು. ಎಷ್ಟು ಹಟ ಮಾಡಿದರೂ ಅದನ್ನು ಕೊಡುತ್ತಿರಲಿಲ್ಲ. “ಹೆಪ್ಪು ತಿಂದರ ನಾಳಿನ ಮಸರು ತಿಂದಂಗ” ಎನ್ನುತ್ತಿದ್ದರು. ಆರ್ಡರ್ನ್ ಮತ್ತು ಲಾಕೆಟ್ ಕಂಡುಕೊಂಡದ್ದು ಇದನ್ನೇ. ರಾಡಿ ಎಂದರೆ ಹೊಲಸಲ್ಲ, ಅದು ಹೆಪ್ಪು.

ಈ ಕಥೆ ಕರ್ನಾಟಕಕ್ಕೆ ಬರುವುದು ಇಲ್ಲಿಂದ. ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಜನ ಅಂದಿನಿಂದ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಸಂಸ್ಥೆಗೆ, ಪ್ರಾಧ್ಯಾಪಕರಾಗಿ ಬಂದರು. 1921ರಲ್ಲಿ ಅಲ್ಲಿ ಆರಂಭವಾದ ಜೀವರಸಾಯನ ವಿಭಾಗಕ್ಕೆ ಅವರೇ ಮೊದಲ ಮುಖ್ಯಸ್ಥರು. ಮ್ಯಾಂಚೆಸ್ಟರಿನಲ್ಲಿ ಅವರ ಚಿಂತೆ ನದಿಯನ್ನು ಶುದ್ಧವಾಗಿಡುವುದಾಗಿತ್ತು. ಭಾರತದಲ್ಲಿ ಅದರ ಜೊತೆಗೆ ಇನ್ನೊಂದು ಚಿಂತೆ ಸೇರಿತು: ಇಷ್ಟು ಬಡ ಮಣ್ಣಿನ ದೇಶದಲ್ಲಿ ಇಷ್ಟೊಂದು ಸಾರಜನಕ ಪೋಲಾಗಬಾರದು. ಕೊಳಚೆಯ ರಾಡಿಯನ್ನು ಗೊಬ್ಬರವಾಗಿ ಮಣ್ಣಿಗೆ ಮರಳಿಸುವುದು ಅವರ ಪ್ರಿಯ ವಿಷಯವಾಯಿತು. 1934ರಲ್ಲಿ ಅವರು ಪ್ರಕಟಿಸಿದ ಗ್ರಂಥದ ವಿಷಯವೇ ಸಾರಜನಕ ಸಂರಕ್ಷಣೆಯ ಜೀವರಸಾಯನ.

ಅವರು ಹಾಕಿದ ದಾರಿಯಲ್ಲಿ ಮುಂದಿನವರೂ ನಡೆದರು. 1939ರಲ್ಲಿ ಅದೇ ಸಂಸ್ಥೆಯ ಸಿ. ಎನ್. ಆಚಾರ್ಯ ಅವರು ಊರಿನ ಕಸ ಹಾಗೂ ಮಲವನ್ನು ಗುಂಡಿಗಳಲ್ಲಿ ಪದರಪದರವಾಗಿ ತುಂಬಿ ಗೊಬ್ಬರ ಮಾಡುವ ವಿಧಾನವನ್ನು ರೂಪಿಸಿದರು. ಕೃಷಿ ಪುಸ್ತಕಗಳಲ್ಲಿ ಅದು ಇಂದಿಗೂ ‘ಬೆಂಗಳೂರು ವಿಧಾನ’. 1942ರಲ್ಲಿ ಎಸ್. ಸಿ. ಪಿಳ್ಳೈ ಮತ್ತು ವಿ. ಸುಬ್ರಹ್ಮಣ್ಯನ್ ಅವರು ಕೊಳಚೆಯ ರಾಡಿಯೊಳಗೆ ಬ್ಯಾಕ್ಟೀರಿಯಾಗಳಷ್ಟೇ ಅಲ್ಲದೆ ಪ್ರೊಟೊಜೋವಾಗಳೆಂಬ ಏಕಕೋಶ ಜೀವಿಗಳೂ ನೀರನ್ನು ತಿಳಿಗೊಳಿಸುತ್ತವೆಂದು ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಇದೇ ಸುಬ್ರಹ್ಮಣ್ಯನ್ ಮುಂದೆ ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದ ಮೊದಲ ನಿರ್ದೇಶಕರಾದರು.

ಇಷ್ಟು ಕೇಳಿದ ಮೇಲೆ ಅದೇ ಬೆಂಗಳೂರಿನ ಬೆಳ್ಳಂದೂರು ಕೆರೆಯನ್ನು ನೆನೆದರೆ ಮನಸ್ಸಿಗೆ ನೋವಾಗುತ್ತದೆ. ಸುಮಾರು 900 ಎಕರೆಯ ಆ ಕೆರೆ 2015ರಲ್ಲಿ, 2017ರಲ್ಲಿ, ಮತ್ತೆ 2018ರಲ್ಲಿ ಹೊತ್ತಿ ಉರಿದುದನ್ನು ನಾವೆಲ್ಲ ದೂರದರ್ಶನದಲ್ಲಿ ನೋಡಿದೆವು. ನೊರೆಗೆ ಮುಖ್ಯ ಕಾರಣ ಮಾರ್ಜಕಗಳು. ಆದರೆ ಕೆರೆಯ ಮೇಲೆ ಚಾಪೆಯಂತೆ ಹಬ್ಬಿದ ಅಂತರಗಂಗೆ ಬೆಳೆದದ್ದು ಕೊಳಚೆಯ ಸಾರಜನಕ ಮತ್ತು ರಂಜಕವನ್ನು ಉಂಡು.

ಕರಿಹಲಗೆಯ ಲೆಕ್ಕವೊಂದನ್ನು ಮಾಡೋಣ. ಒಬ್ಬ ಮನುಷ್ಯನ ದೇಹದಿಂದ ದಿನಕ್ಕೆ ಸುಮಾರು 10 ಗ್ರಾಂ ಸಾರಜನಕ ಹೊರಹೋಗುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಮೂತ್ರದಲ್ಲಿ. ವರ್ಷಕ್ಕೆ 3.65 ಕಿಲೋ. ಯೂರಿಯಾದಲ್ಲಿ ಸಾರಜನಕ 46 ಪ್ರತಿಶತ. ಅಂದರೆ ಒಬ್ಬನ ವರ್ಷದ ಸಾರಜನಕ ಸುಮಾರು 8 ಕಿಲೋ ಯೂರಿಯಾಕ್ಕೆ ಸಮ. ಆರು ಜನರ ಮನೆಯಿಂದ ವರ್ಷಕ್ಕೆ 45 ಕಿಲೋದ ಒಂದು ಚೀಲಕ್ಕಿಂತ ತುಸು ಹೆಚ್ಚು. ಒಂದು ಕೋಟಿ ಜನರ ನಗರವೆಂದರೆ ದಿನಕ್ಕೆ 100 ಟನ್ ಸಾರಜನಕ, ಹತ್ತಿರಹತ್ತಿರ 4,800 ಚೀಲ ಯೂರಿಯಾ. ಮುಂಗಾರಿನಲ್ಲಿ ಒಂದು ಚೀಲಕ್ಕಾಗಿ ಸರತಿಯಲ್ಲಿ ನಿಂತ ರೈತರಿಗೆ ಈ ಅಂಕಿಯ ತೂಕ ತಿಳಿಯುತ್ತದೆ. 2008ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎನ್. ಚಾಣಕ್ಯ ಅವರು ಎಚ್. ಸಿ. ಶರತ್ಚಂದ್ರ ಅವರೊಡನೆ ಬೆಂಗಳೂರಿನ ಈ ಸಾರಜನಕದ ಹರಿವನ್ನೇ ಕುರಿತು ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಲೇಖನ ಬರೆದಿದ್ದರು.

ಇನ್ನು ನನ್ನ ವಿದ್ಯಾರ್ಥಿಯ ಘಟಕದ ವಿಷಯ. ಮ್ಯಾಂಚೆಸ್ಟರ್ ವಿಧಾನದಲ್ಲಿ ಹೆಪ್ಪನ್ನು ಉಳಿಸಿಕೊಳ್ಳಲು ಒಂದೇ ಉಪಾಯವಿತ್ತು: ತೊಟ್ಟಿಯಲ್ಲಿ ರಾಡಿ ತಳಕ್ಕಿಳಿಯುವವರೆಗೆ ಕಾಯುವುದು. ರಾಡಿ ಸರಿಯಾಗಿ ಇಳಿಯದಿದ್ದರೆ ಹೆಪ್ಪು ನೀರಿನೊಡನೆ ತೇಲಿಹೋಗುತ್ತದೆ. ಮೊದಲು ನಷ್ಟವಾಗುವುದು ನಿಧಾನವಾಗಿ ಬೆಳೆಯುವ ಆ ನೈಟ್ರೇಟ್ ಮಾಡುವ ಜೀವಿಗಳೇ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಡಾರ್-ಆಲಿವರ್ ಕಂಪನಿಯವರು ತೊಟ್ಟಿಯ ಹೊರಗೆ ಪೊರೆಯ ಸೋಸುಕವಿಟ್ಟು, ಪಂಪಿನ ಒತ್ತಡದಿಂದ ನೀರನ್ನು ಸೋಸಿದರು. ವಿದ್ಯುತ್ ಖರ್ಚು ವಿಪರೀತ. 1989ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದ ಕಜುವೊ ಯಮಾಮೊಟೊ ಮತ್ತು ಸಂಗಡಿಗರು ಶ್ಯಾವಿಗೆಯಂತಹ ಟೊಳ್ಳು ನೂಲುಗಳ ಪೊರೆಯನ್ನು ತೊಟ್ಟಿಯೊಳಗೇ ಮುಳುಗಿಸಿ, ಒಳಗಿನಿಂದ ಮೆಲ್ಲಗೆ ನೀರನ್ನು ಹೀರಿದರು. ಅಲ್ಲಿಂದ ಈ ವಿಧಾನ ಜಗತ್ತಿನಾದ್ಯಂತ ಹರಡಿತು. ಬೆಂಗಳೂರಿನ ಜಲಮಂಡಳಿಯೂ ಕಬ್ಬನ್ ಉದ್ಯಾನದಲ್ಲಿ ದಿನಕ್ಕೆ 15 ಲಕ್ಷ ಲೀಟರ್ ಸಾಮರ್ಥ್ಯದ ಪೊರೆ ಘಟಕವೊಂದನ್ನು ಕಟ್ಟಿತು.

ಆ ಪೊರೆಯ ರಂಧ್ರ ಮಿಲಿಮೀಟರಿನ ಹತ್ತು ಸಾವಿರದ ಒಂದು ಭಾಗದ ಆಸುಪಾಸು. ಬ್ಯಾಕ್ಟೀರಿಯಾ ಅದಕ್ಕಿಂತ ದೊಡ್ಡದು. ಹೆಪ್ಪು ಪೂರ್ತಿ ಒಳಗೇ ಉಳಿಯುತ್ತದೆ. ಹಳೆಯ ಪದ್ಧತಿಯ ತೊಟ್ಟಿಗಿಂತ ಮೂರು ಪಟ್ಟು ದಟ್ಟವಾದ ರಾಡಿಯನ್ನು ಕಡಿಮೆ ಜಾಗದಲ್ಲಿ ಇಟ್ಟುಕೊಳ್ಳಬಹುದು. ಆದರೆ ನೀರಿನಲ್ಲಿ ಕರಗಿದ ಅಮೋನಿಯಾ ಮತ್ತು ನೈಟ್ರೇಟಿಗೆ ಈ ರಂಧ್ರ ಊರ ಅಗಸಿಯಷ್ಟು ದೊಡ್ಡದು. ಪೊರೆ ಸಾರಜನಕವನ್ನು ತಡೆಯುವುದಿಲ್ಲ. ಅದು ಕಾಪಾಡುವುದು ಹೆಪ್ಪನ್ನು ಮಾತ್ರ. ಸಾರಜನಕವನ್ನು ತೆಗೆಯಬೇಕಾದವು ಒಳಗಿರುವ ಆ ಎರಡು ಗುಂಪಿನ ಜೀವಿಗಳೇ.

ಗಾಳಿಯೂದುವ ತೊಟ್ಟಿಯಲ್ಲಿ ಅಮೋನಿಯಾ ನೈಟ್ರೇಟ್ ಆಗುತ್ತದೆ, ಆದರೆ ಸಾರಜನಕ ನೀರಿನಲ್ಲಿಯೇ ಉಳಿಯಿತಲ್ಲ! ಅದಕ್ಕಾಗಿ ಮುಂದೆ ಇನ್ನೊಂದು ಗಾಳಿಯಿಲ್ಲದ ತೊಟ್ಟಿ ಇರಬೇಕು. 1962ರಲ್ಲಿ ಅಮೆರಿಕದ ಲುಡ್ಜಾಕ್ ಮತ್ತು ಎಟಿಂಗರ್ ಸೂಚಿಸಿದ ವ್ಯವಸ್ಥೆಯನ್ನು 1970ರ ದಶಕದಲ್ಲಿ ದಕ್ಷಿಣ ಆಫ್ರಿಕದ ಜೇಮ್ಸ್ ಬರ್ನಾರ್ಡ್ ಸುಧಾರಿಸಿದರು. ನೈಟ್ರೇಟ್ ತುಂಬಿದ ನೀರನ್ನು ಪಂಪಿನಿಂದ ಹಿಂದಕ್ಕೆ, ಹೊಸ ಕೊಳಚೆ ಬಂದು ಬೀಳುವ ಗಾಳಿಯಿಲ್ಲದ ತೊಟ್ಟಿಗೆ ತಿರುಗಿಸಬೇಕು. ಅಲ್ಲಿ ತಿನ್ನಲು ಇಂಗಾಲವಿದೆ, ಉಸಿರಾಡಲು ನೈಟ್ರೇಟಿದೆ. ಸಾರಜನಕ ಗುಳ್ಳೆಯಾಗಿ ಗಾಳಿಗೆ ಸೇರುತ್ತದೆ. ಇದರಲ್ಲೊಂದು ಸೂಕ್ಷ್ಮವಿದೆ. ಪೊರೆಗೆ ರಾಡಿ ಮೆತ್ತಿಕೊಳ್ಳದಂತೆ ಜೋರಾಗಿ ಗಾಳಿಯೂದುತ್ತಾರೆ. ಆ ನೀರನ್ನು ನೇರವಾಗಿ ಹಿಂದಕ್ಕೆ ತಂದರೆ ಅದರೊಡನೆ ಆಮ್ಲಜನಕವೂ ಬಂದು ಎರಡನೆಯ ಗುಂಪಿನ ಕೆಲಸ ಕೆಡುತ್ತದೆ.

ಇಷ್ಟನ್ನು ಓದಿಕೊಂಡು ನಾನು ವಿದ್ಯಾರ್ಥಿಗೆ ಒಂದೇ ಪ್ರಶ್ನೆ ಕೇಳಿದೆ: “ವರದಿಯಲ್ಲಿ ಅಮೋನಿಯಾ ಎಷ್ಟಿದೆ?” ಇಲ್ಲವೆನ್ನುವಷ್ಟು ಕಡಿಮೆ ಎಂದ. “ಹಾಗಾದರೆ ಅದು ನೈಟ್ರೇಟ್ ಆಗಿ ಕುಳಿತಿದೆ. ನೀರನ್ನು ಹಿಂದಕ್ಕೆ ತಿರುಗಿಸುವ ಪಂಪು ನಡೆಯುತ್ತಿದೆಯೇ ನೋಡು” ಎಂದೆ. ಎರಡು ದಿನ ಬಿಟ್ಟು ಕರೆ ಮಾಡಿದ. ಪಂಪು ಕೆಟ್ಟು ಎಷ್ಟೋ ತಿಂಗಳಾಗಿತ್ತಂತೆ. ನೀರು ತಿಳಿಯಾಗಿದ್ದುದರಿಂದ ಯಾರೂ ಗಮನಿಸಿರಲಿಲ್ಲ.

ತಿಳಿಯಾದ ನೀರು ಮೋಸ ಮಾಡುತ್ತದೆ ಎಂಬ ಮಾತು ನನ್ನನ್ನು ಹಲವು ದಿನ ಕಾಡಿತು. ಕಾರಣ ಹೇಳುತ್ತೇನೆ. ನಾನು ಕೆಲಸ ಮಾಡಿದ ಶಾಲೆಯೊಂದರ ಗೋಡೆಯ ಮೇಲೆ ‘ನೀರನ್ನು ಕುದಿಸಿ ಆರಿಸಿ ಕುಡಿಯಿರಿ’ ಎಂದು ದೊಡ್ಡ ಅಕ್ಷರಗಳಲ್ಲಿ ಬರೆಸಿದವನು ನಾನೇ. ಕಾಲರಾ, ಕರುಳುಬೇನೆಗಳಿಗೆ ಅದು ಸರಿಯಾದ ಮಾತು. ಆದರೆ ನೈಟ್ರೇಟ್ ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾಗಿ, ಉಳಿದ ನೀರಿನಲ್ಲಿ ಅದರ ಪ್ರಮಾಣ ಇನ್ನಷ್ಟು ಹೆಚ್ಚುತ್ತದೆ. 1945ರಲ್ಲಿ ಅಮೆರಿಕದ ಅಯೋವಾ ಪ್ರಾಂತದ ಹಂಟರ್ ಕಾಮ್ಲಿ ಎಂಬ ವೈದ್ಯರು, ಬಾವಿಯ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದ ಹಸುಗೂಸುಗಳು ನೀಲಿಗಟ್ಟಿದುದನ್ನು ಗಮನಿಸಿ, ಅದಕ್ಕೆ ನೈಟ್ರೇಟ್ ಕಾರಣವೆಂದು ತೋರಿಸಿದರು. ನೈಟ್ರೇಟು ಕೂಸಿನ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿಯನ್ನೇ ಕುಗ್ಗಿಸುತ್ತದೆ. ನಮ್ಮ ಬಾವಿಗಳ ಪಕ್ಕದಲ್ಲಿಯೇ ತಿಪ್ಪೆಗಳಿದ್ದವು. ಆ ಬಾವಿಯ ನೀರನ್ನು ಕುದಿಸಿ ಕೂಸುಗಳಿಗೆ ಕುಡಿಸಿರೆಂದು ಎಷ್ಟು ಜನ ತಾಯಂದಿರಿಗೆ ನಾನು ಭರವಸೆಯಿಂದ ಹೇಳಿದ್ದೆನೋ! ಯಾರಿಗೂ ಕೇಡಾದದ್ದು ನನಗೆ ಗೊತ್ತಿಲ್ಲ. ಆದರೂ ಅರ್ಧ ಪಾಠ ಕಲಿಸಿದ ಋಣ ನನ್ನ ಮೇಲಿದೆ.

ಇದು ಹಳೆಯ ಕಾಲದ ಮಾತಲ್ಲ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯಂತೆ ಕರ್ನಾಟಕದಲ್ಲಿ ಪರೀಕ್ಷಿಸಿದ ಮಾದರಿಗಳಲ್ಲಿ ಸುಮಾರು 49 ಪ್ರತಿಶತ ಈ ಮಿತಿಯನ್ನು ಮೀರಿದ್ದವು. ಹೊಲದ ಗೊಬ್ಬರ, ತಿಪ್ಪೆ, ಇಂಗುಗುಂಡಿ, ಚರಂಡಿ ಎಲ್ಲಕ್ಕೂ ಇದರಲ್ಲಿ ಪಾಲಿದೆ. ನಮ್ಮ ಹಳ್ಳಿಗಳ ಶುದ್ಧ ನೀರಿನ ಘಟಕಗಳಲ್ಲಿಯೂ ಪೊರೆಯಿದೆ. ಅದು 1960ರ ಸುಮಾರಿಗೆ ಅಮೆರಿಕದಲ್ಲಿ ಸಿಡ್ನಿ ಲೋಬ್ ಮತ್ತು ನಮ್ಮ ದೇಶದವರೇ ಆದ ಶ್ರೀನಿವಾಸ ಸೌರಿರಾಜನ್ ರೂಪಿಸಿದ ಪೊರೆಯ ವಂಶದ್ದು, ಎಷ್ಟೋ ಪಟ್ಟು ಸೂಕ್ಷ್ಮ. ಅದು ಫ್ಲೋರೈಡನ್ನೂ ನೈಟ್ರೇಟನ್ನೂ ಬಹುಮಟ್ಟಿಗೆ ತಡೆಯುತ್ತದೆ. ಆದರೆ ತಡೆದದ್ದೆಲ್ಲ ಬಿಸಾಡುವ ನೀರಿನಲ್ಲಿ ಸೇರಿ ಗಟಾರಕ್ಕೆ, ಗಟಾರದಿಂದ ಮತ್ತೆ ಭೂಮಿಗೆ ಇಳಿಯುತ್ತದೆ.

ನಿಯಮಗಳ ಕಥೆಯೂ ಹೀಗೆಯೇ ಅರ್ಧ. 2015ರಲ್ಲಿ ಕೇಂದ್ರ ಸರಕಾರ ಪ್ರಕಟಿಸಿದ ಕರಡಿನಲ್ಲಿ ಶುದ್ಧೀಕರಿಸಿದ ಕೊಳಚೆ ನೀರಿನ ಒಟ್ಟು ಸಾರಜನಕ ಲೀಟರಿಗೆ 10 ಮಿಲಿಗ್ರಾಂ ಮೀರಬಾರದೆಂದಿತ್ತು. ನೈಟ್ರೇಟಿನ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ ಕುಡಿಯುವ ನೀರಿನ 45ಕ್ಕೆ ಸಮ. 2017ರ ಅಂತಿಮ ಅಧಿಸೂಚನೆಯಲ್ಲಿ ಸಾರಜನಕದ ಹೆಸರೇ ಇರಲಿಲ್ಲ. 2019ರ ಏಪ್ರಿಲ್ 30ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇಡೀ ದೇಶಕ್ಕೆ 10ರ ಮಿತಿಯನ್ನು ಮತ್ತೆ ವಿಧಿಸಿತು. ಈ ನಡುವೆ 2018ರಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರನ್ನು, ದಿನಕ್ಕೆ 44 ಕೋಟಿ ಲೀಟರ್ ಗುರಿಯೊಡನೆ, ಬತ್ತಿದ ಕೋಲಾರದ ಕೆರೆಗಳಿಗೆ ಹರಿಸುವ ಯೋಜನೆ ಆರಂಭವಾಯಿತು. ಕೆಲವೇ ವಾರಗಳಲ್ಲಿ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಂಡು ಜನ ಗಾಬರಿಯಾದರು. ಹೈಕೋರ್ಟ್ ಕೆಲಕಾಲ ತಡೆಯಾಜ್ಞೆ ನೀಡಿತು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ನೀರಿಲ್ಲದ ರೈತನಿಗೆ ನೀರು ಬೇಕು, ಆ ನೀರು ಅಂತರ್ಜಲಕ್ಕೆ ಇಳಿಯುವಾಗ ಏನನ್ನು ಒಯ್ಯುತ್ತದೆಂಬುದೂ ಅವನಿಗೆ ತಿಳಿಯಬೇಕು. ಎರಡೂ ನ್ಯಾಯವೇ.

ಕೊನೆಯದಾಗಿ ಒಂದು ಮಾತು. 1 ಗ್ರಾಂ ಅಮೋನಿಯಾ ಸಾರಜನಕವನ್ನು ನೈಟ್ರೇಟ್ ಮಾಡಲು ಸುಮಾರು 4.6 ಗ್ರಾಂ ಆಮ್ಲಜನಕ ಬೇಕು. ಆ ಗಾಳಿಯೂದಲು ಹಗಲಿರುಳು ವಿದ್ಯುತ್ ಬೇಕು. ಒಂದು ಕಡೆ ಕಾರ್ಖಾನೆಯಲ್ಲಿ ಇಂಧನ ಸುಟ್ಟು ಗಾಳಿಯ ಸಾರಜನಕವನ್ನು ಯೂರಿಯಾ ಮಾಡುತ್ತೇವೆ. ಇನ್ನೊಂದು ಕಡೆ ಮತ್ತೆ ಇಂಧನ ಸುಟ್ಟು ಅದನ್ನು ಗಾಳಿಗೆ ಬಿಡುತ್ತೇವೆ. ಫೌಲರ್ ಬೆಂಗಳೂರಿನಲ್ಲಿ ಕುಳಿತು ಇದು ಪೋಲಾಗಬಾರದೆಂದು ಚಿಂತಿಸಿ ನೂರು ವರ್ಷವಾಯಿತು. ಕೆರೆ, ಬಾವಿಗಳಿಗೆ ಹೋಗುವ ನೀರಿನಿಂದ ಸಾರಜನಕವನ್ನು ತೆಗೆಯಲೇಬೇಕು, ಅದಕ್ಕೆ ಈ ಪೊರೆಯ ಘಟಕ ಒಳ್ಳೆಯ ಸಾಧನ. ಆದರೆ ಉದ್ಯಾನಕ್ಕೋ ಹೊಲಕ್ಕೋ ಬೆಳೆಗೆ ಬೇಕಾದಷ್ಟು ಅಳತೆಯಲ್ಲಿ ಹೋಗುವ ನೀರಿನಲ್ಲಿ ಅದೇ ಸಾರ ಗೊಬ್ಬರವಾಗುತ್ತದೆ. ಎಲ್ಲಿ ಉಳಿಸಬೇಕು, ಎಲ್ಲಿ ತೆಗೆಯಬೇಕು ಎಂಬ ವಿವೇಕವನ್ನು ಯಾವ ಪೊರೆಯೂ ಸೋಸಿಕೊಡುವುದಿಲ್ಲ.

ಊರಿನಲ್ಲಿರುವವರು ನಿಮ್ಮ ಕೊಳವೆಬಾವಿಯ ನೀರನ್ನು ಒಮ್ಮೆ ನೈಟ್ರೇಟಿಗಾಗಿ ಪರೀಕ್ಷೆ ಮಾಡಿಸಿರಿ. ಮನೆಯಲ್ಲಿ ಹಸುಗೂಸಿದ್ದರೆ ತಪ್ಪದೆ ಮಾಡಿಸಿರಿ, ಬರಿಯ ಕುದಿಸುವುದನ್ನು ನಂಬಬೇಡಿರಿ. ತಿಪ್ಪೆ, ಇಂಗುಗುಂಡಿಗಳನ್ನು ಬಾವಿಯಿಂದ ದೂರವಿಡಿರಿ. ನಗರದಲ್ಲಿರುವವರು ನಿಮ್ಮ ಘಟಕದ ನೀರು ತಿಳಿಯಾಗಿದೆಯೇ ಎಂದು ಕೇಳುವುದರ ಜೊತೆಗೆ ಸಾರಜನಕ ಎಷ್ಟಿದೆ ಎಂದೂ ಕೇಳಿರಿ. ಅಂದು ಬಿಟ್ಟುಹೋದ ಪಾಠದ ಉಳಿದರ್ಧವನ್ನು ಇಂದು ಮುಗಿಸಿದ್ದೇನೆ. ತಡವಾದುದಕ್ಕೆ ಕ್ಷಮೆಯಿರಲಿ.



ನಿಮ್ಮ ಮಾಸ್ತರು